ಟರ್ಬೊ ಗಾಡಿಯ ಮೈಲೇಜು: ಕಾಗದದ ಮೇಲೆ 20, ರಿಂಗ್ ರೋಡಿನಲ್ಲಿ 9

ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಚಿಕ್ಕ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ಗಳ ಮೈಲೇಜಿನ ಬಗ್ಗೆಯೇ ಇದ್ದವು. ಟರ್ಬೊ ಎಂದರೆ ಹೊಗೆಯ ರಭಸದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಚಕ್ರ. ಒಂದೇ ಬಗೆಯ ಪತ್ರಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ 1 ಲೀಟರ್ ಟರ್ಬೊ, ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರಿನ ಹ್ಯಾಚ್‌ಬ್ಯಾಕ್ ತೆಗೆದುಕೊಂಡೆ. ಕಂಪನಿ ಹೇಳಿದ್ದು ಲೀಟರಿಗೆ 20 ಕಿ.ಮೀ. ಬನಶಂಕರಿಯಿಂದ ಮಾರತಹಳ್ಳಿಗೆ 18 ಕಿ.ಮೀ. ದಾರಿ, ಬೆಳಿಗ್ಗೆ 75 ನಿಮಿಷ ಹಿಡಿಯುತ್ತದೆ. ಡ್ಯಾಶ್‌ಬೋರ್ಡಿನಲ್ಲಿ 9 ದಾಟುವುದೇ ಇಲ್ಲ. ಶೋರೂಮಿನವರನ್ನು ಕೇಳಿದರೆ ‘ಇಂಜಿನ್ ಇನ್ನೂ ಪಳಗಬೇಕು ಸಾರ್, 5,000 ಆಗಲಿ’ ಎನ್ನುತ್ತಾರೆ. ಗಾಡಿಯಲ್ಲೇ ಏನಾದರೂ ದೋಷವಿದೆಯೇ?
– ಬನಶಂಕರಿ 2ನೇ ಹಂತದ ಓದುಗರು

ಉತ್ತರ: ಗಾಡಿ ಸರಿಯಾಗಿಯೇ ಇದೆ. ನಿಮ್ಮ ಪತ್ರದಲ್ಲಿ ಮುಖ್ಯವಾದ ಅಂಕಿ 9 ಅಲ್ಲ, 75 ನಿಮಿಷ. 18 ಕಿ.ಮೀ.ಗೆ 75 ನಿಮಿಷ ಎಂದರೆ ಗಂಟೆಗೆ 14.4 ಕಿ.ಮೀ. ಸರಾಸರಿ ವೇಗ. ಆ ವೇಗದಲ್ಲಿ ಪೆಟ್ರೋಲ್ ಖರ್ಚಾಗುವುದು ಕಿಲೋಮೀಟರ್ ಲೆಕ್ಕದಲ್ಲಿ ಅಲ್ಲ, ಗಂಟೆಯ ಲೆಕ್ಕದಲ್ಲಿ.

ಹೇಗೆಂದು ನೋಡಿ. ಬಿಸಿಯಾದ 1 ಲೀಟರ್ ಇಂಜಿನ್ ಎ.ಸಿ. ಹಾಕಿಕೊಂಡು ಸುಮ್ಮನೆ ನಿಂತಿದ್ದರೂ ಗಂಟೆಗೆ ಹೆಚ್ಚುಕಡಿಮೆ 0.9 ಲೀಟರ್ ಬೇಕು. 75 ನಿಮಿಷಕ್ಕೆ 1.1 ಲೀಟರ್ ಅಲ್ಲಿಗೇ ಹೋಯಿತು, ಚಕ್ರ ಒಂದು ಸುತ್ತೂ ಉರುಳದೆ. ಇನ್ನು ಬ್ರೇಕಿನ ಲೆಕ್ಕ. ಆಳೂ ಸೇರಿ 1,200 ಕೆ.ಜಿ. ತೂಗುವ ಗಾಡಿಯನ್ನು ನಿಂತಲ್ಲಿಂದ 30 ಕಿ.ಮೀ. ವೇಗಕ್ಕೆ ಏರಿಸಲು 5–6 ಮಿ.ಲೀ. ಪೆಟ್ರೋಲ್ ಬೇಕು. ಬ್ರೇಕ್ ಒತ್ತಿದ ತಕ್ಷಣ ಅಷ್ಟೂ ಡಿಸ್ಕಿನ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಬಿ.ಟಿ.ಎಂ., ಸಿಲ್ಕ್ ಬೋರ್ಡ್, ಎಚ್.ಎಸ್.ಆರ್., ಬೆಳ್ಳಂದೂರು ದಾಟುವಷ್ಟರಲ್ಲಿ 80 ಸಲ ನಿಂತು ಹೊರಟಿರಿ ಎಂದುಕೊಳ್ಳಿ, ಇನ್ನೊಂದು 0.45 ಲೀಟರ್. ಟಯರಿನ ಉರುಳುವ ಪ್ರತಿರೋಧ, ಗೇರ್‌ಬಾಕ್ಸು, ಗಾಳಿ ಎಲ್ಲಕ್ಕೂ ಸೇರಿ 0.4. ಒಟ್ಟು 1.95 ಲೀಟರ್, ಅಂದರೆ ಲೀಟರಿಗೆ 9.2 ಕಿ.ಮೀ. ನಿಮ್ಮ ಡ್ಯಾಶ್‌ಬೋರ್ಡ್ ಸುಳ್ಳು ಹೇಳುತ್ತಿಲ್ಲ.

ಇದೇ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ 6ಕ್ಕೆ ಹೋಗಿ ನೋಡಿ. 35 ನಿಮಿಷದಲ್ಲಿ ಮುಟ್ಟಿದರೆ ಇದೇ ಗಾಡಿ, ಇದೇ ಕಾಲು, 14 ಕೊಡುತ್ತದೆ. ಹಾಗೆ ಕೊಟ್ಟರೆ ಸರ್ವಿಸ್ ಸೆಂಟರಿಗೆ ಹೋಗುವ ಅಗತ್ಯವೇ ಇಲ್ಲ. ಆಗಲೂ 10 ದಾಟದಿದ್ದರೆ ಮಾತ್ರ ಕೆಳಗೆ ಕಮ್ಮನಹಳ್ಳಿಯ ಓದುಗರಿಗೆ ಕೊಟ್ಟಿರುವ ಉತ್ತರ ಓದಿ.

ಕಂಪನಿಯ 20 ಎಲ್ಲಿಂದ ಬಂತು? ಅದು ರಸ್ತೆಯಲ್ಲಿ ಅಳೆದದ್ದಲ್ಲ, ಪ್ರಯೋಗಾಲಯದ ರೋಲರಿನ ಮೇಲೆ ಅಳೆದದ್ದು. 1,180 ಸೆಕೆಂಡಿನ ನಿಗದಿತ ಓಟ: ಮೊದಲು 195 ಸೆಕೆಂಡಿನ ಊರೊಳಗಿನ ಓಟ ನಾಲ್ಕು ಸಲ, ಆಮೇಲೆ ಹೆದ್ದಾರಿಯ ಓಟ. ಗರಿಷ್ಠ ವೇಗ 90, ಇಡೀ ಓಟದ ಸರಾಸರಿ ಸುಮಾರು 32. ಎ.ಸಿ. ಬಂದ್. ವೇಗ ಏರಿಸುವುದೂ ಬಹಳ ನಿಧಾನ, ಎಷ್ಟೆಂದರೆ ಅಷ್ಟು ನಿಧಾನಕ್ಕೆ ಹೊರಟರೆ ನಮ್ಮ ಸಿಗ್ನಲ್ಲಿನಲ್ಲಿ ಹಿಂದಿನ ಆಟೊದವರು ಸುಮ್ಮನಿರುವುದಿಲ್ಲ. ಅಷ್ಟು ಮೆಲ್ಲಗೆ ಓಡಿಸಿದಾಗ ಟರ್ಬೊಗೆ ಕೆಲಸವೇ ಬೀಳುವುದಿಲ್ಲ. ಚಿಕ್ಕ ಇಂಜಿನ್ ಚಿಕ್ಕ ಇಂಜಿನ್ನಿನ ಹಾಗೆಯೇ ಓಡಿ ಒಳ್ಳೆಯ ಅಂಕಿ ಕೊಡುತ್ತದೆ. ಹಾಗಾಗಿ ಕಾಗದದ ಅಂಕಿಗೂ ರಸ್ತೆಯ ಅಂಕಿಗೂ ಅಂತರ ಸಾದಾ ಇಂಜಿನ್ನಿಗಿಂತ ಟರ್ಬೊದಲ್ಲಿ ದೊಡ್ಡದು. ಇಂಜಿನ್ ಪಳಗಿದ ಮೇಲೆ ಮೈಲೇಜು ಶೇ 2–3ರಷ್ಟು ಏರಬಹುದು. 9 ಇದ್ದದ್ದು 9.3 ಆದೀತು.

ನಿಮ್ಮ ಕೈಯಲ್ಲಿ ಇರುವುದು ಇಷ್ಟು. ಎಲ್ಲಕ್ಕಿಂತ ದೊಡ್ಡ ಉಳಿತಾಯ ಹೊರಡುವ ಹೊತ್ತಿನಲ್ಲಿದೆ. 9 ಗಂಟೆಯ ಬದಲು 7:30ಕ್ಕೆ ಹೊರಟು 50 ನಿಮಿಷದಲ್ಲಿ ತಲುಪಿದರೆ 11 ದಾಟುತ್ತದೆ, ಯಾವ ಚಾಲನಾ ಚಮತ್ಕಾರವೂ ಬೇಡ. ಎರಡನೆಯದು, ಜಾಮ್‌ನಲ್ಲಿ ಮುಂದಿನ ಗಾಡಿಯ ಬಾಲ ಹಿಡಿದು ತೆವಳಬೇಡಿ. ಡ್ರೈ ಕ್ಲಚ್ ಡಿಸಿಟಿ ತೆವಳುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತಿರುತ್ತದೆ. ಪೆಟ್ರೋಲೂ ಹಾಳು, ಕ್ಲಚ್ಚೂ ಬಿಸಿ. ಒಂದೂವರೆ ಗಾಡಿಯಷ್ಟು ಜಾಗ ಆಗುವ ತನಕ ಬ್ರೇಕ್ ಮೇಲೆ ನಿಂತು, ಆಮೇಲೆ ಬ್ರೇಕ್ ಪೂರ್ತಿ ಬಿಟ್ಟು ಒಂದೇ ಸಲ ಹೋಗಿ. ಆ ಜಾಗದಲ್ಲಿ ಎರಡು ಸ್ಕೂಟರ್ ನುಗ್ಗುತ್ತವೆ, ನುಗ್ಗಲಿ. ಫ್ಲೈಓವರ್ ಏರಿನಲ್ಲಿ ನಿಂತಾಗ ಎಕ್ಸಲೇಟರ್ ಒತ್ತಿ ಗಾಡಿ ಹಿಡಿದಿಡುವ ಚಾಳಿ ಇದ್ದರೆ ಇವತ್ತೇ ಬಿಡಿ.

30 ಸೆಕೆಂಡಿಗಿಂತ ಹೆಚ್ಚು ಕಾಯಬೇಕಾದ ಸಿಗ್ನಲ್ಲಿನಲ್ಲಿ ಇಂಜಿನ್ ನಿಲ್ಲಿಸಿ. ಆಟೊ ಸ್ಟಾರ್ಟ್–ಸ್ಟಾಪ್ ಇದ್ದು ನೀವು ಬಟನ್ ಒತ್ತಿ ಬಂದ್ ಮಾಡಿದ್ದರೆ ಮತ್ತೆ ಹಾಕಿ. ಊರೊಳಗೆ ಹೀಗೆ ನಿಲ್ಲಿಸಿದರೆ ಟರ್ಬೊ ಹಾಳಾಗುತ್ತದೆ ಎಂಬ ಭಯ ಬೇಡ. ಹೆದ್ದಾರಿಯಲ್ಲಿ ಜೋರಾಗಿ ಬಂದು ಟೋಲಿನಲ್ಲೋ ಹೋಟೆಲಿನ ಮುಂದೆಯೋ ತಕ್ಷಣ ಆಫ್ ಮಾಡುವಾಗ ಮಾತ್ರ ಒಂದು ನಿಮಿಷ ಐಡಲ್ ಬಿಡಬೇಕು.

ಪ್ರಶ್ನೆ: ಡ್ಯಾಶ್‌ಬೋರ್ಡ್ 13.8 ತೋರಿಸುತ್ತದೆ. ನಾನು ಬಿಲ್ಲು ಇಟ್ಟು ಲೆಕ್ಕ ಹಾಕಿದರೆ 12.6. ಯಾವುದನ್ನು ನಂಬಲಿ? ಟ್ಯಾಂಕ್ ಟು ಟ್ಯಾಂಕ್ ಲೆಕ್ಕ ಹಾಕುವ ಸರಿಯಾದ ಕ್ರಮ ಯಾವುದು?
– ಯಲಹಂಕ ಉಪನಗರದ ಓದುಗರು

ಉತ್ತರ: ಬಿಲ್ಲನ್ನು ನಂಬಿ. ಡ್ಯಾಶ್‌ಬೋರ್ಡ್ ಪೆಟ್ರೋಲನ್ನು ಅಳೆಯುವುದಿಲ್ಲ. ಇಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಲೆಕ್ಕ ಕಟ್ಟುತ್ತದೆ. ಅದು ಶೇ 5ರಿಂದ 10ರಷ್ಟು ಉದಾರವಾಗಿರುವುದು ಸಾಮಾನ್ಯ. ನಿಮ್ಮದು ಶೇ 9.5. ಈ ಅಂತರ ತಿಂಗಳಿಂದ ತಿಂಗಳಿಗೆ ಹಾಗೇ ಇದ್ದರೆ ಡ್ಯಾಶ್‌ಬೋರ್ಡಿನ ಅಂಕಿಯನ್ನು 0.91ರಿಂದ ಗುಣಿಸಿಕೊಂಡು ನಿಶ್ಚಿಂತೆಯಾಗಿರಿ.

ಕ್ರಮ ಹೀಗೆ. ಸಮತಟ್ಟಾದ ನೆಲವಿರುವ ಒಂದು ಬಂಕ್, ಒಂದೇ ಪಂಪ್, ಸಾಧ್ಯವಾದರೆ ಅದೇ ನಳಿಕೆ. ಮೊದಲ ಆಟೊ ಕಟ್ ಆದ ಕೂಡಲೇ ‘ಸಾಕು’ ಎನ್ನಿ. ರೌಂಡ್ ಫಿಗರ್ ಮಾಡಲು ಹುಡುಗ ಇನ್ನೆರಡು ಸಲ ಒತ್ತುತ್ತಾನೆ, ಬಿಡಬೇಡಿ. ಟ್ರಿಪ್ ಬಿ ಸೊನ್ನೆ ಮಾಡಿ, ಟಯರಿನ ಗಾಳಿ ನೋಡಿ. ಕನಿಷ್ಠ 300 ಕಿ.ಮೀ. ಓಡಿಸಿ ಮತ್ತೆ ಅದೇ ಪಂಪಿನಲ್ಲಿ ಮೊದಲ ಕಟ್‌ಗೆ ನಿಲ್ಲಿಸಿ, ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿ. ಕಟ್ ಆಗುವ ಜಾಗ ಒಂದೊಂದು ಸಲ ಒಂದು ಲೀಟರ್ ಆಚೀಚೆ ಆಗುತ್ತದೆ. 10 ಲೀಟರ್ ತುಂಬಿಸಿ ಲೆಕ್ಕ ಹಾಕಿದರೆ ಅದು ಶೇ 10ರ ತಪ್ಪು, 30 ಲೀಟರ್ ತುಂಬಿಸಿದರೆ ಶೇ 3.3. ಈ ಗಾಡಿಗಳಲ್ಲಿ ಹೆಚ್ಚಿನವಕ್ಕೆ 37 ಲೀಟರಿನ ಟ್ಯಾಂಕ್. ಹಾಗಾಗಿ ಒಂದು ತುಂಬಿಗೆ ತೀರ್ಪು ಕೊಡದೆ ಮೂರು ತುಂಬಿನ ಒಟ್ಟು ಕಿಲೋಮೀಟರನ್ನು ಮೂರರ ಒಟ್ಟು ಲೀಟರಿನಿಂದ ಭಾಗಿಸುವುದು ಮೇಲು.

ಗಾಡಿ ಅಲ್ಲಾಡಿಸಿ ಕುತ್ತಿಗೆಯವರೆಗೆ ತುಂಬಿಸುವ ಪದ್ಧತಿ ಬೇಡ. ಪೆಟ್ರೋಲ್ ಆವಿ ಹಿಡಿದಿಡುವ ಇದ್ದಿಲ ಡಬ್ಬಿಗೆ ಪೆಟ್ರೋಲೇ ನುಗ್ಗಿ ಅದು ಹಾಳಾಗುತ್ತದೆ. ಬೆಳಗಿನ ತಂಪಿನಲ್ಲಿ ತುಂಬಿಸಿದರೆ ಹೆಚ್ಚು ಸಿಗುತ್ತದೆ ಎಂಬ ಮಾತಿಗೂ ಅರ್ಥವಿಲ್ಲ. ಟ್ಯಾಂಕ್ ನೆಲದಡಿ ಇರುವುದರಿಂದ ಹಗಲು ರಾತ್ರಿ ತಾಪ ಹೆಚ್ಚು ಬದಲಾಗುವುದಿಲ್ಲ. ಅಳತೆಯ ಮೇಲೆಯೇ ಅನುಮಾನ ಬಂದರೆ ಬಂಕಿನಲ್ಲಿರುವ ಮುದ್ರೆ ಹಾಕಿದ 5 ಲೀಟರಿನ ಅಳತೆ ಪಾತ್ರೆ ತರಿಸಿ ಹಿಡಿಸಿ. ಅದು ನಿಮ್ಮ ಹಕ್ಕು. 25 ಮಿ.ಲೀ.ಗಿಂತ ಹೆಚ್ಚು ಕೊರತೆ ಬಂದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು.

ಪ್ರಶ್ನೆ: ನನ್ನದು 2015ರ 1.2 ಟರ್ಬೊ ಹ್ಯಾಚ್‌ಬ್ಯಾಕ್. ಪೆಟ್ರೋಲಿನಲ್ಲಿ ಎಥನಾಲ್ ಶೇ 20 ಆದ ಮೇಲೆ 13 ಇದ್ದದ್ದು 12ಕ್ಕೆ ಇಳಿದಿದೆ. 100 ಆಕ್ಟೇನ್ ಪೆಟ್ರೋಲ್ ಹಾಕಿಸಿದರೆ ಹಳೆಯ ಮೈಲೇಜು ಬರುತ್ತದೆಯೇ?
– ರಾಜಾಜಿನಗರದ ಓದುಗರು

ಉತ್ತರ: ಒಂದು ಲೀಟರ್ ಶುದ್ಧ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ, ಎಥನಾಲ್‌ನಲ್ಲಿ 21. ಶೇ 20 ಬೆರೆಸಿದರೆ 29.8 ಆಗುತ್ತದೆ, ಅಂದರೆ ಶೇ 7ರಷ್ಟು ಕಡಿಮೆ. ಶೇ 10ರ ಮಿಶ್ರಣಕ್ಕೆ ಹೋಲಿಸಿದರೆ ಶೇ 3.5. ಹಾಗಾಗಿ 13 ಇದ್ದದ್ದು 12.5 ಆಗಿದ್ದರೆ ಅದನ್ನು ಎಥನಾಲ್‌ ಲೆಕ್ಕಕ್ಕೆ ಬರೆಯಬಹುದು. ಉಳಿದ ಅರ್ಧಕ್ಕೆ ಹತ್ತು ವರ್ಷದ ಗಾಡಿಯಲ್ಲೇ ಕಾರಣ ಹುಡುಕಬೇಕು.

100 ಆಕ್ಟೇನ್ ಪೆಟ್ರೋಲಿನ ಬೆಲೆ ಸಾದಾ ಪೆಟ್ರೋಲಿನ ಒಂದೂವರೆ ಪಟ್ಟು. ಅದರಲ್ಲಿ ಎಥನಾಲ್‌ ಒಂದು ಹನಿ ಇಲ್ಲದಿದ್ದರೂ ಹೆಚ್ಚೆಂದರೆ ಶೇ 7 ಮೈಲೇಜು ವಾಪಸ್ ಬಂದೀತು. ಮೂಗಿಗಿಂತ ಮೂಗುತಿ ಭಾರ. ಆಕ್ಟೇನ್ ಎಂದರೆ ಶಕ್ತಿಯಲ್ಲ, ಒತ್ತಡಕ್ಕೆ ಸಿಕ್ಕಿ ತಾನಾಗಿ ಸಿಡಿಯದೆ ತಡೆದುಕೊಳ್ಳುವ ಗುಣ. ಆ ಗುಣ ಎಥನಾಲ್‌ಗೆ ಹೇರಳವಾಗಿದೆ. ಟರ್ಬೊ ಇಂಜಿನ್ ನಾಕಿಂಗ್ (ಹಾಗೆ ತಾನಾಗಿ ಸಿಡಿಯುವುದು) ತಪ್ಪಿಸಲು ಕಿಡಿಯನ್ನು ಹಿಂದಕ್ಕೆ ತಳ್ಳುವ ಪ್ರಮೇಯ ಶೇ 20ರ ಮಿಶ್ರಣದಲ್ಲಿ ಕಡಿಮೆಯೇ. ಟರ್ಬೊ ಮಾಲೀಕರ ಪಾಲಿಗೆ ಇದೊಂದು ಸಮಾಧಾನ.

2015ರ ಗಾಡಿಯಲ್ಲಿ ಮೈಲೇಜಿಗಿಂತ ರಬ್ಬರಿನ ಕಡೆ ಗಮನ ಕೊಡಿ. ಏಪ್ರಿಲ್ 2023ರ ನಂತರದ ಗಾಡಿಗಳಿಗೆ ಇಂಧನದ ಪೈಪು, ಓ–ರಿಂಗು, ಸೀಲು ಎಥನಾಲ್‌ ತಡೆಯುವ ವಸ್ತುವಿನಿಂದ ಬಂದಿವೆ. ಹಳೆಯದರಲ್ಲಿ ಪ್ರತಿ ಸರ್ವಿಸ್‌ಗೆ ಟ್ಯಾಂಕಿನಿಂದ ಇಂಜಿನ್‌ವರೆಗಿನ ಪೈಪನ್ನು ಬೆರಳಿನಿಂದ ಮಡಚಿ ನೋಡಿಸಿ. ಬಿರುಕು ಕಂಡರೆ, ಪೆಟ್ರೋಲ್ ವಾಸನೆ ಬಂದರೆ ಆ ದಿನವೇ ಬದಲಿಸಿ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ. ಖಾಲಿ ಟ್ಯಾಂಕಿನ ತೇವವನ್ನು ಎಥನಾಲ್‌ ಹೀರಿಕೊಳ್ಳುತ್ತದೆ.

ಪ್ರಶ್ನೆ: ಮೊದಲು ಲೀಟರಿಗೆ 12 ಬರುತ್ತಿತ್ತು. ಎರಡು ತಿಂಗಳಿಂದ 9.5. ದಾರಿ ಅದೇ, ಕಾಲು ಅದೇ. ಸರ್ವಿಸ್ ಸೆಂಟರಿನಲ್ಲಿ ಇಂಜೆಕ್ಟರ್ ಕ್ಲೀನಿಂಗ್ ಮಾಡಿಸಿದರು, ಆಮೇಲೆ ಥ್ರಾಟಲ್ ಬಾಡಿ ಕ್ಲೀನಿಂಗ್, ಈಗ ಸ್ಪಾರ್ಕ್ ಪ್ಲಗ್ ಬದಲಿಸೋಣ ಎನ್ನುತ್ತಾರೆ. 42,000 ಕಿ.ಮೀ. ಓಡಿದೆ.
– ಕಮ್ಮನಹಳ್ಳಿಯ ಓದುಗರು

ಉತ್ತರ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಶೇ 20 ಇಳಿಕೆ ಸಣ್ಣದಲ್ಲ, ಅದಕ್ಕೆ ಒಂದು ನಿರ್ದಿಷ್ಟ ಕಾರಣ ಇದ್ದೇ ಇರುತ್ತದೆ. ಹುಡುಕುವಾಗ ಖರ್ಚಿಲ್ಲದ್ದರಿಂದ ಶುರು ಮಾಡಬೇಕು.

ಮೊಟ್ಟಮೊದಲು ಡ್ಯಾಶ್‌ಬೋರ್ಡಿನ ಸರಾಸರಿ ವೇಗ ನೋಡಿ. ‘ದಾರಿ ಅದೇ’ ಎನ್ನುತ್ತೀರಿ. ಆ ದಾರಿಯಲ್ಲಿ ಮೆಟ್ರೊ ಕಾಮಗಾರಿಯೋ ಪೈಪ್ ಹಾಕಲು ಅಗೆದ ಗುಂಡಿಯೋ ಹೊಸದಾಗಿ ಬಂದಿಲ್ಲವೇ? ಸರಾಸರಿ 20ರಿಂದ 15ಕ್ಕೆ ಇಳಿದಿದ್ದರೆ ಗಾಡಿ ನಿರಪರಾಧಿ.

ವೇಗ ಅಷ್ಟೇ ಇದೆ ಎಂದರೆ ಬ್ರೇಕ್ ಹಿಡಿದಿದೆಯೇ ನೋಡಿ. ಧೂಳು, ಮಳೆ ನೀರು, ಹಂಪ್‌ಗಳ ಈ ಊರಿನಲ್ಲಿ ಬ್ರೇಕ್ ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಸ್ಲೈಡ್ ಪಿನ್ನಿನ ಗ್ರೀಸ್ ಒಣಗಿ ಪ್ಯಾಡ್ ಡಿಸ್ಕಿಗೆ ಅಂಟಿಕೊಂಡೇ ಇರುವುದು ನಮಗೆ ಅತಿ ಹೆಚ್ಚು ಸಿಗುವ ಕಾರಣ. ಖಾಲಿ ರಸ್ತೆಯಲ್ಲಿ ಬ್ರೇಕ್ ಆದಷ್ಟು ಬಳಸದೆ 5 ಕಿ.ಮೀ. ಓಡಿಸಿ ನಿಲ್ಲಿಸಿ. ನಾಲ್ಕೂ ಚಕ್ರದ ಬಳಿ ಅಂಗೈ ಹಿಡಿದು ಶಾಖ ನೋಡಿ, ಡಿಸ್ಕ್ ಮುಟ್ಟಬೇಡಿ. ಎಡಕ್ಕೂ ಬಲಕ್ಕೂ ಎದ್ದು ಕಾಣುವ ವ್ಯತ್ಯಾಸ ಇದ್ದರೆ ಬಿಸಿ ಇರುವ ಕಡೆ ಬಿಚ್ಚಿಸಿ. ಹಿಂದಿನ ಎರಡೂ ಬಿಸಿ ಎಂದರೆ ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಹೆಚ್ಚಾಗಿದೆ. ಪಿನ್ ತೊಳೆದು ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಹಚ್ಚುವುದು ಅರ್ಧ ಗಂಟೆಯ ಕೆಲಸ. ಸಾದಾ ಗ್ರೀಸ್ ಹಚ್ಚಿದರೆ ರಬ್ಬರ್ ಬೂಟ್ ಉಬ್ಬಿ ಮೊದಲಿಗಿಂತ ಕೆಟ್ಟದಾಗಿ ಹಿಡಿಯುತ್ತದೆ.

ಮುಂದಿನದಕ್ಕೆ ಗಾಡಿಯ ಕಂಪ್ಯೂಟರಿನ ಅಂಕಿ ಓದಲು ಇರುವ ಒಬಿಡಿ ಸಾಕೆಟ್ಟಿಗೆ ಹಾಕುವ ಬ್ಲೂಟೂತ್ ಡಾಂಗಲ್ ಬೇಕು. ಎಸ್.ಪಿ. ರೋಡಿನಲ್ಲಿ ಹುಡುಕಿದರೆ ಸಿಗುತ್ತದೆ, ಫೋನಿನಲ್ಲಿ ಒಂದು ಆ್ಯಪ್ ಸಾಕು. ಎರಡು ಅಂಕಿ ನೋಡಿ.

ಒಂದು, ಕೂಲಂಟ್ (ಇಂಜಿನ್ ತಂಪು ಮಾಡುವ ದ್ರವ) ತಾಪ. ಹತ್ತು–ಹದಿನೈದು ನಿಮಿಷದಲ್ಲಿ 85–95 ಡಿಗ್ರಿ ಮುಟ್ಟಿ ಅಲ್ಲೇ ನಿಲ್ಲಬೇಕು. ಖಾಲಿ ರಸ್ತೆಯಲ್ಲಿ ಓಡಿಸಿದ ಕೂಡಲೇ 70ಕ್ಕೆ ಜಾರಿ, ಜಾಮ್‌ನಲ್ಲಿ ಮತ್ತೆ ಏರಿದರೆ ಆ ದ್ರವವನ್ನು ತಡೆದು ಬಿಡುವ ಥರ್ಮೋಸ್ಟಾಟ್ ವಾಲ್ವ್ ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿದೆ. ಇಂಜಿನ್ ತಾನಿನ್ನೂ ತಣ್ಣಗಿದ್ದೇನೆಂದು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಬಹಳ ಗಾಡಿಗಳಲ್ಲಿ ಈಗ ಮುಳ್ಳಿನ ಮೀಟರ್ ಇಲ್ಲ, ಒಂದು ನೀಲಿ ದೀಪ, ಒಂದು ಕೆಂಪು ದೀಪ, ಅಷ್ಟೇ. ಹಾಗಾಗಿ ಈ ದೋಷ ವರ್ಷಗಟ್ಟಲೆ ಕಣ್ಣಿಗೆ ಬೀಳದೆ ಉಳಿಯುತ್ತದೆ.

ಎರಡು, ಫ್ಯುಯೆಲ್ ಟ್ರಿಮ್, ಅಂದರೆ ಇಂಜಿನ್ ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು (ಪ್ಲಸ್) ಇಲ್ಲವೇ ಕಡಿಮೆ (ಮೈನಸ್) ಹಾಕುತ್ತಿದೆ ಎಂಬುದು. ಬಿಸಿ ಇಂಜಿನ್ನಿನಲ್ಲಿ ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಎರಡನ್ನೂ ಕೂಡಿ. ಪ್ಲಸ್ ಮೈನಸ್ 5ರೊಳಗೆ ಇದ್ದರೆ ಚೆನ್ನ. ಹಳೆಯ ಗಾಡಿಯಲ್ಲಿ ಎಥನಾಲ್‌ನಿಂದಾಗಿ ಇನ್ನೂ ಸ್ವಲ್ಪ ಪ್ಲಸ್ ಕಡೆ ಇದ್ದರೂ ಗಾಬರಿ ಬೇಡ. ಐಡಲ್‌ನಲ್ಲಿ ಪ್ಲಸ್ 12, 2,500 ಆರ್‌ಪಿಎಂನಲ್ಲಿ ಪ್ಲಸ್ 3 ಎಂದರೆ ಥ್ರಾಟಲಿನ ಆಚೆ ಎಲ್ಲೋ ಗಾಳಿ ಸೋರಿ ಒಳಬರುತ್ತಿದೆ. ಮೈನಸ್ 10 ದಾಟಿದರೆ ಪೆಟ್ರೋಲ್ ಎಲ್ಲಿಂದಲೋ ಹೆಚ್ಚು ಸೇರುತ್ತಿದೆ: ತೊಟ್ಟಿಕ್ಕುವ ಇಂಜೆಕ್ಟರ್ ಇರಬಹುದು, ಆವಿ ಡಬ್ಬಿಯ ಪರ್ಜ್ ವಾಲ್ವ್ ಮುಚ್ಚದೆ ಉಳಿದಿರಬಹುದು, ಇಲ್ಲವೇ ಆಯಿಲ್‌ಗೆ ಪೆಟ್ರೋಲ್ ಬೆರೆತಿರಬಹುದು. ಈ ಕೊನೆಯದಕ್ಕೆ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಆಯಿಲ್ ಮಟ್ಟ ಇಳಿಯುವ ಬದಲು ಏರಿದ್ದರೆ ಅನುಮಾನವೇ ಬೇಡ. ಮಗುವನ್ನು 2 ಕಿ.ಮೀ. ದೂರದ ಶಾಲೆಗೆ ಬಿಟ್ಟು ಬರುವುದಕ್ಕಷ್ಟೇ ಓಡುವ ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಸಿಂಪಡಿಸುವ) ಗಾಡಿಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಆಯಿಲ್ ಬದಲಿಸಿ, ವಾರಕ್ಕೊಮ್ಮೆ ನೈಸ್ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ.

ಎಳೆತವೂ ಕಡಿಮೆಯಾಗಿದ್ದು, ಒತ್ತಿದಾಗ ಬಾನೆಟ್ಟಿನಡಿ ‘ಸ್‌ಸ್’ ಎಂಬ ಸದ್ದು ಬಂದರೆ ಟರ್ಬೊದಿಂದ ಬರುವ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಪೈಪಿನ ಕ್ಲಿಪ್ ಸಡಿಲವಾಗಿದೆ. ಪೈಪಿನ ಜೋಡಣೆಯ ಬಳಿ ಎಣ್ಣೆ ಜಿಡ್ಡು ಹರಡಿದ್ದರೆ ಅಲ್ಲೇ ಸೋರಿಕೆ.

ಕೊಳೆಯಾದ ಏರ್ ಫಿಲ್ಟರ್ ಮೇಲೆ ಎಲ್ಲರೂ ದೂರು ಹಾಕುತ್ತಾರೆ. ಕಾರ್ಬುರೇಟರ್ ಕಾಲದಲ್ಲಿ ಅದು ನಿಜ. ಈಗಿನ ಗಾಡಿಯಲ್ಲಿ ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಹೋಗುವುದರಿಂದ ಪಿಕಪ್ ಕುಂದುತ್ತದೆಯೇ ಹೊರತು ಮೈಲೇಜು ಅಷ್ಟು ಕುಸಿಯುವುದಿಲ್ಲ. ಟರ್ಬೊದ ಆರೋಗ್ಯಕ್ಕಾಗಿ ಬದಲಿಸಿ, ಮೈಲೇಜಿಗಾಗಿ ಅಲ್ಲ. ಪ್ಲಗ್ ಬದಲಿಸುವುದಕ್ಕೆ ಮುಂಚೆ ಕಳಚಿ ನೋಡಲು ಹೇಳಿ, ಗ್ಯಾಪನ್ನು ಕೈಪಿಡಿಯ ಅಳತೆಗೆ ಹೋಲಿಸಲಿ. ಟರ್ಬೊದಲ್ಲಿ ಒತ್ತಡ ಹೆಚ್ಚಿರುವುದರಿಂದ ಗ್ಯಾಪ್ ಸಾದಾ ಇಂಜಿನ್ನಿಗಿಂತ ಕಿರಿದು. ಅದೇ ಗಾಡಿಯ ಸಾದಾ ಇಂಜಿನ್ನಿನ ಪ್ಲಗ್ ಹಾಕಿ ಕಳಿಸಿದ ಪ್ರಸಂಗಗಳೂ ಇವೆ. ಇನ್ನು ಡೈರೆಕ್ಟ್ ಇಂಜೆಕ್ಷನ್ ಗಾಡಿಗೆ ‘ವಾಲ್ವ್ ಕ್ಲೀನ್ ಆಗುತ್ತದೆ’ ಎಂದು ಟ್ಯಾಂಕಿಗೆ ಬಾಟಲಿ ಸುರಿಯಲು ಬಂದರೆ ಬೇಡವೆನ್ನಿ. ಆ ಇಂಜಿನ್ನಿನಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವನ್ನು ಮುಟ್ಟುವುದೇ ಇಲ್ಲ.

ಪ್ರಶ್ನೆ: ಮೈಸೂರಿಗೆ ಹೋಗುವಾಗ 18, ವಾಪಸ್ ಬರುವಾಗ 16. ಎರಡೂ ಕಡೆ ಎಕ್ಸ್‌ಪ್ರೆಸ್‌ವೇಯಲ್ಲಿ ಕ್ರೂಸ್ ಕಂಟ್ರೋಲ್ 100ಕ್ಕೇ ಇಟ್ಟಿದ್ದೆ. ಯಾಕೆ ಹೀಗೆ?
– ಕೆಂಗೇರಿಯ ಓದುಗರು

ಉತ್ತರ: ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರ, ಮೈಸೂರು 770. ನಡುವೆ ಮಂಡ್ಯ ಇನ್ನೂ ತಗ್ಗು, 680ರ ಆಸುಪಾಸು. ಹೋಗುವಾಗ ಒಟ್ಟಾರೆ 150 ಮೀಟರ್ ಇಳಿಯುತ್ತೀರಿ, ಬರುವಾಗ ಅಷ್ಟೇ ಹತ್ತುತ್ತೀರಿ. 1,300 ಕೆ.ಜಿ.ಯನ್ನು 150 ಮೀಟರ್ ಮೇಲೆತ್ತಲು ಸುಮಾರು 0.2 ಲೀಟರ್ ಪೆಟ್ರೋಲ್. ನಿಜವಾದ ಮೈಲೇಜು 17 ಇದ್ದರೆ ಇದೊಂದರಿಂದಲೇ 17.4 ಮತ್ತು 16.6 ಆಗುತ್ತದೆ. ಉಳಿದದ್ದು ಎದುರು ಗಾಳಿ, ಮತ್ತೆ ಸಂಜೆ ಊರೊಳಗೆ ಬರುವಾಗಿನ ಜಾಮ್. ಒಂದು ಕಡೆಯ ಅಂಕಿ ಹಿಡಿದು ಮಾತಾಡಬಾರದು, ಹೋಗಿ ಬಂದದ್ದನ್ನು ಒಟ್ಟು ಲೆಕ್ಕ ಹಾಕಿ.

ವೇಗದ ಲೆಕ್ಕ ಇದಕ್ಕಿಂತ ದೊಡ್ಡದು. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 80ರಿಂದ 100ಕ್ಕೆ ಹೋದರೆ 1.56 ಪಟ್ಟು, 100ರಿಂದ 120ಕ್ಕೆ 1.44 ಪಟ್ಟು. ಈ ರಸ್ತೆಯಲ್ಲಿ ಮಿತಿ 100, ಕ್ಯಾಮೆರಾಗಳೂ ಇವೆ. 90ಕ್ಕೆ ಇಟ್ಟು ನೋಡಿ, ಲೀಟರಿಗೆ ಒಂದೂವರೆ ಕಿ.ಮೀ.ಗಿಂತ ಕಡಿಮೆ ಸಿಕ್ಕದು, ತಡವಾಗುವುದು ಎಂಟು ನಿಮಿಷ. ಎಕ್ಸಲೇಟರ್ ಪೂರ್ತಿ ಒತ್ತಿ ಓವರ್‌ಟೇಕ್ ಮಾಡುವ ಅಭ್ಯಾಸ ಇದ್ದರೆ ಅದರದ್ದೂ ಬಿಲ್ಲು ಬರುತ್ತದೆ. ಪೂರ್ತಿ ಒತ್ತಡದಲ್ಲಿ ಟರ್ಬೊದ ಚಕ್ರ ಕಾದು ಹಾಳಾಗದಿರಲೆಂದು ಬಹಳಷ್ಟು ಇಂಜಿನ್‌ಗಳು ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸಿಂಪಡಿಸಿ ತಂಪು ಮಾಡಿಕೊಳ್ಳುತ್ತವೆ. ಆ ಪೆಟ್ರೋಲ್ ಎಳೆತಕ್ಕಲ್ಲ, ನೀರಿನ ಕೆಲಸಕ್ಕೆ ಹೋಗುತ್ತದೆ.

ಪ್ರಶ್ನೆ: ನಂದಿ ಬೆಟ್ಟ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆಯೇ?
– ದೇವನಹಳ್ಳಿಯ ಓದುಗರು

ಉತ್ತರ: ಇಲ್ಲ, ಹೆಚ್ಚೇ ಖರ್ಚಾಗುತ್ತದೆ. ಗೇರ್‌ನಲ್ಲಿಟ್ಟು ಎಕ್ಸಲೇಟರ್ ಬಿಟ್ಟರೆ ಇಂಜೆಕ್ಟರ್ ಪೂರ್ತಿ ಬಂದ್ ಆಗುತ್ತದೆ, ಚಕ್ರವೇ ಇಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಿ ಐಡಲ್ ಪೆಟ್ರೋಲ್ ಹೋಗುತ್ತಲೇ ಇರುತ್ತದೆ. ಆ ತಿರುವುಗಳಲ್ಲಿ ಬ್ರೇಕ್ ಒಂದನ್ನೇ ನಂಬಿ ಇಳಿಯುವುದು ಅಪಾಯ ಕೂಡ. ಎರಡು ಅಥವಾ ಮೂರನೇ ಗೇರ್ ಹಾಕಿ ಇಳಿಯಿರಿ.

ಪ್ರಶ್ನೆ: 185/60 ಆರ್15 ಟಯರ್ ತೆಗೆದು 195/60 ಆರ್15 ಹಾಕಿಸಿದೆ. ಮೈಲೇಜು ಅರ್ಧ ಕಿ.ಮೀ. ಇಳಿಯಿತು.
– ವಿಜಯನಗರದ ಓದುಗರು

ಉತ್ತರ: ಅರ್ಧದಷ್ಟು ಇಳಿಕೆ ಬರೀ ಲೆಕ್ಕದ್ದು. ಹಳೆಯ ಚಕ್ರದ ವ್ಯಾಸ 603 ಮಿ.ಮೀ., ಹೊಸದು 615, ಅಂದರೆ ಶೇ 2 ದೊಡ್ಡದು. ಗಾಡಿ 102 ಕಿ.ಮೀ. ಓಡಿದರೆ ಮೀಟರ್ 100 ಎನ್ನುತ್ತದೆ. ನಿಮ್ಮ ಲೆಕ್ಕದ ಅಂಕಿಯನ್ನು 1.02ರಿಂದ ಗುಣಿಸಿ. ಉಳಿದದ್ದು ಅಗಲ ಮತ್ತು ತೂಕ ಹೆಚ್ಚಾದ್ದರ ಬೆಲೆ. ಗಾಳಿಯನ್ನು ಬೆಳಿಗ್ಗೆ ಗಾಡಿ ತಣ್ಣಗಿರುವಾಗಲೇ ಹೊಡೆಸಿ. ಓಡಿಸಿಕೊಂಡು ಹೋಗಿ 33 ಪಿಎಸ್ಐ ಹಿಡಿಸಿದರೆ ಮರುದಿನ ಬೆಳಿಗ್ಗೆ ಅದು 30 ಆಗಿರುತ್ತದೆ.

ಪ್ರಶ್ನೆ: ಮಂಗಳೂರಿನಲ್ಲಿರುವ ಭಾವನ ಬಳಿಯೂ ನನ್ನದೇ ಗಾಡಿ ಇದೆ. ಬೆಂಗಳೂರು ಎತ್ತರದಲ್ಲಿರುವುದರಿಂದ ಟರ್ಬೊ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ ಎನ್ನುತ್ತಾರೆ. ನಿಜವೇ?
– ಮಲ್ಲೇಶ್ವರದ ಓದುಗರು

ಉತ್ತರ: ಭಾವನವರ ಮಾತಿನಲ್ಲಿ ಅರ್ಧ ಸತ್ಯವಿದೆ. ಇಲ್ಲಿ ಗಾಳಿ ಕರಾವಳಿಗಿಂತ ಶೇ 10ರಷ್ಟು ತೆಳು. ಸಾದಾ ಇಂಜಿನ್ ಅಷ್ಟೇ ಶಕ್ತಿ ಕಳೆದುಕೊಳ್ಳುತ್ತದೆ, ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ ಸರಿದೂಗಿಸುತ್ತದೆ. ತೆಳು ಗಾಳಿಯಿಂದ ಹೆದ್ದಾರಿಯಲ್ಲಿ ಪ್ರತಿರೋಧವೂ ಅಷ್ಟೇ ಕಡಿಮೆ. ಅದರ ಮೇಲೆ ಮಂಗಳೂರಿನ ಸೆಕೆಗೆ ಎ.ಸಿ. ಬಿಡುವಿಲ್ಲದೆ ದುಡಿಯಬೇಕು. ಎತ್ತರದ ಲೆಕ್ಕದಲ್ಲಿ ಲಾಭ ನಿಮಗೇ.

ಪ್ರಶ್ನೆ: ಗೇರ್ ಬದಲಿಸುವ ಬಾಣ 50 ಕಿ.ಮೀ. ವೇಗದಲ್ಲೇ 6ನೇ ಗೇರ್ ಹಾಕು ಎನ್ನುತ್ತದೆ. ಹಾಕಿದರೆ ಇಂಜಿನ್ ಗುರುಗುಡುತ್ತದೆ.
– ಉತ್ತರಹಳ್ಳಿಯ ಓದುಗರು

ಉತ್ತರ: ಸಮತಟ್ಟಿನಲ್ಲಿ ಎಕ್ಸಲೇಟರ್ ಮೇಲೆ ಕಾಲು ತಾಗಿಸಿದಂತಿದ್ದರೆ ಹಾಕಿ. ಏರು ಬಂದರೆ, ಮುಂದೆ ಹೋಗಬೇಕೆಂದರೆ, ಎರಡು ಗೇರ್ ಇಳಿಸಿಯೇ ಒತ್ತಿ. 1,500 ಆರ್‌ಪಿಎಂಗಿಂತ ಕೆಳಗೆ, ಮೇಲಿನ ಗೇರಿನಲ್ಲಿ ಜೋರಾಗಿ ಒತ್ತಿದರೆ ಚಿಕ್ಕ ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ ಕಿಡಿ ಹಾರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಅಪಾಯವಿದೆ. ಪಿಸ್ಟನ್ ಒಡೆಯುವಷ್ಟು ಬಲ ಅದಕ್ಕಿದೆ. ಆಯಿಲ್ ಕೊಳ್ಳುವಾಗ ಕೈಪಿಡಿ ಹೇಳಿದ ದಪ್ಪದ್ದೇ ಇರಲಿ, ಡಬ್ಬಿಯ ಮೇಲೆ ಎಪಿಐ ಎಸ್‌ಪಿ ಎಂದಿರಲಿ. ಆ ದರ್ಜೆಯಲ್ಲಿ ಈ ತೊಂದರೆ ತಡೆಯುವ ಪರೀಕ್ಷೆ ಸೇರಿದೆ. ಊರೊಳಗೆ 2,000–2,200ಕ್ಕೆ ಗೇರ್ ಬದಲಿಸುತ್ತಾ ಹೋದರೆ ಇಂಜಿನ್ನಿಗೂ ಹಿತ, ಜೇಬಿಗೂ.

ಪ್ರಶ್ನೆ: ದಿನಕ್ಕೆ 40 ಕಿ.ಮೀ., ಬೆಳ್ಳಂದೂರಿಗೆ ಹೋಗಿ ಬರಬೇಕು. ಎರಡನೇ ಕೈಯಲ್ಲಿ ಐ20 ಎನ್ ಲೈನ್, ಆಲ್ಟ್ರೋಜ್ ರೇಸರ್, ಇಲ್ಲವೇ ಹಳೆಯ ಬಲೆನೊ ಆರ್‌ಎಸ್ ನೋಡುತ್ತಿದ್ದೇನೆ. ಮೈಲೇಜು ದೃಷ್ಟಿಯಿಂದ ಯಾವುದು?
– ಜೆ.ಪಿ. ನಗರದ ಓದುಗರು

ಉತ್ತರ: ಐ20 ಎನ್ ಲೈನ್ 998 ಸಿ.ಸಿ., 120 ಪಿಎಸ್ ಶಕ್ತಿ, 172 ಎನ್ಎಂ ತಿರುಗುಬಲ. ಆಲ್ಟ್ರೋಜ್ ರೇಸರ್ 1,199 ಸಿ.ಸಿ., 120 ಪಿಎಸ್, 170 ಎನ್ಎಂ, ಮ್ಯಾನ್ಯುವಲ್ ಮಾತ್ರ. 2017ರಲ್ಲಿ ಬಂದ ಬಲೆನೊ ಆರ್‌ಎಸ್ 102 ಪಿಎಸ್, 150 ಎನ್ಎಂ, ತೂಕದಲ್ಲಿ ಹಗುರ. ಖಾಲಿ ರಸ್ತೆಯಲ್ಲಿ ಹಗುರವಾದದ್ದು ಮುಂದಿರುತ್ತದೆ. ನಿಮ್ಮ ದಾರಿಯಲ್ಲಿ ಮೂರರ ನಡುವಿನ ವ್ಯತ್ಯಾಸ ಒಂದು ಕಿ.ಮೀ. ಒಳಗೇ, ಮೂರೂ ಅದೇ ಸಿಗ್ನಲ್ಲಿನಲ್ಲಿ ನಿಲ್ಲುತ್ತವೆ.

ಲೆಕ್ಕವನ್ನು ಬೇರೆ ರೀತಿ ಹಾಕಿ. ತಿಂಗಳಿಗೆ 24 ದಿನ, 960 ಕಿ.ಮೀ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದಿಟ್ಟುಕೊಂಡರೆ, ಲೀಟರಿಗೆ 10 ಕೊಡುವ ಟರ್ಬೊಗೆ 9,888 ರೂಪಾಯಿ, 12.5 ಕೊಡುವ ಸಾದಾ 1.2 ಹ್ಯಾಚ್‌ಬ್ಯಾಕಿಗೆ 7,910. ತಿಂಗಳಿಗೆ ಎರಡು ಸಾವಿರ ರೂಪಾಯಿಯ ಅಂತರ. ವಾರಾಂತ್ಯದಲ್ಲಿ ಸಕಲೇಶಪುರದ ಕಡೆ ಹೋಗುವವರಾದರೆ ಆ ಎರಡು ಸಾವಿರಕ್ಕೆ ತಕ್ಕ ಸುಖ ಸಿಗುತ್ತದೆ. ಬೆಳ್ಳಂದೂರಿಗೆ ಮಾತ್ರ ಎಂದರೆ ನಮ್ಮ ಓಟು ಸಾದಾ ಇಂಜಿನ್ನಿಗೆ.

ಟರ್ಬೊವೇ ಬೇಕೆಂದು ತೀರ್ಮಾನಿಸಿದರೆ ಕೊಳ್ಳುವ ಮುಂಚೆ ಇಷ್ಟು ನೋಡಿ: ಸರ್ವಿಸ್ ದಾಖಲೆಯಲ್ಲಿ ಆಯಿಲ್ ಬದಲಿಕೆ 10,000 ಕಿ.ಮೀ. ಮೀರಿಲ್ಲವೇ, ಬೆಳಿಗ್ಗೆ ತಣ್ಣಗಿನ ಸ್ಟಾರ್ಟ್‌ಗೆ ಸೈಲೆನ್ಸರಿನಲ್ಲಿ ನೀಲಿ ಹೊಗೆ ಇದೆಯೇ, ಡಿಸಿಟಿ ಆದರೆ ಏರಿನಲ್ಲಿ ಮೆಲ್ಲಗೆ ಹೊರಡುವಾಗ ನಡುಗುತ್ತದೆಯೇ. ಇಸಿಯು ರೀಮ್ಯಾಪ್ (ಹೆಚ್ಚು ಶಕ್ತಿಗಾಗಿ ಇಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸುವುದು) ಆಗಿದೆಯೇ ಎಂದು ನೇರವಾಗಿ ಕೇಳಿ. ‘ಆಗಿತ್ತು, ಈಗ ಸ್ಟಾಕ್‌ಗೆ ವಾಪಸ್ ಮಾಡಿಸಿದ್ದೀವಿ’ ಎಂಬ ಉತ್ತರ ಬಂದರೆ ಕ್ಲಚ್ ಸವೆದಿದೆಯೆಂದೇ ಹಿಡಿದು ಚೌಕಾಸಿ ಮಾಡಿ.